ಹಡಗಿನಿಂದ ಮೊದಲು ಯಾರು ಇಳಿಯಬೇಕು

ನಮ್ಮ ಆಕಾಶಹಡಗು ಮೇ ಹತ್ತರಂದು ಹೊಸ ಗ್ರಹದ ಮೇಲೆ ಇಳಿಯಿತು. ಹನ್ನೊಂದು ವರ್ಷದ ಪ್ರಯಾಣ ಮುಗಿದಿತ್ತು. ಬಾಗಿಲು ತೆರೆಯಿತು, ಮೆಟ್ಟಿಲು ಕೆಳಗೆ ಚಾಚಿಕೊಂಡಿತು. ಮುಂದೆ ಹದಿನಾರು ದಿನ ಯಾರೂ ಅದರ ಮೇಲೆ ಕಾಲಿಡಲಿಲ್ಲ.

ಹಡಗು ಈಗ ಇರುವುದು ವಾಟ್ಸಾಪಿನಲ್ಲಿ. ಮೊದಲು ಇದ್ದದ್ದು ಒಂದು ನೋಟ್‌ಬುಕ್ಕಿನಲ್ಲಿ. ವಿಜಯಪುರದಲ್ಲಿ ನಾವು ನಾಲ್ವರು ಸಂಜೆ ಕಾಲೇಜಿಗೆ ಹೋಗುತ್ತಿದ್ದಾಗ ಒಂದು ದಿನ ಕರೆಂಟು ಹೋಗಿ, ಪಾಠ ಹೇಳುವವರೂ ಬಾರದೆ, ಯಶೋಧಾ ಅವರು ಮೊಬೈಲ್ ಬೆಳಕಿನಲ್ಲಿ 'ಒಂದು ಹಡಗು ಭೂಮಿ ಬಿಟ್ಟು ಹೊರಟಿತು' ಎಂದು ಬರೆದು ಪಕ್ಕದವರ ಕೈಗೆ ಕೊಟ್ಟರು. ಪಕ್ಕದವನು ಅಮಸಿದ್ದ. ಅವನು ಒಂದು ಸಾಲು ಸೇರಿಸಿ ಕೌಸರಳಿಗೆ ಕೊಟ್ಟ, ಅವಳು ನನಗೆ. ಪದವಿ ಮುಗಿಯಿತು, ನಾಲ್ವರೂ ನಾಲ್ಕು ಊರಿಗೆ ಹೋದೆವು, ಕತೆ ಮಾತ್ರ ಮುಗಿಯಲಿಲ್ಲ.

ಪ್ರತಿಯೊಬ್ಬರಿಗೂ ಕತೆಯಲ್ಲಿ ಒಂದು ಪಾತ್ರವಿತ್ತು. ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲು ಶಿಕ್ಷಕಿಯಾದ ಯಶೋಧಾ ಹಡಗಿನ ಕ್ಯಾಪ್ಟನ್. ಸಿಂದಗಿಯಲ್ಲಿ ಬಸ್ ಕಂಡಕ್ಟರ್ ಆದ ಅಮಸಿದ್ದ ದಾರಿ ತೋರಿಸುವವನು. ಮುದ್ದೇಬಿಹಾಳದಲ್ಲಿ ಔಷಧ ಅಂಗಡಿ ನೋಡಿಕೊಳ್ಳುವ ಕೌಸರ ವೈದ್ಯೆ. ಇಂಡಿಯಲ್ಲಿ ಓಣಿ ಓಣಿಗೆ ನೀರು ಬಿಡುವ ವಾಲ್ವ್ ತಿರುಗಿಸುವ ನಾನು ಇಂಜಿನಿಯರ್. ಯಾವ ನಕ್ಷತ್ರಕ್ಕಾದರೂ ಹೋಗಬಹುದಿತ್ತು, ಏನಾದರೂ ಆಗಬಹುದಿತ್ತು. ನಾವು ನಮ್ಮ ನೌಕರಿಗೇ ಸ್ವಲ್ಪ ಬಡ್ತಿ ಕೊಟ್ಟುಕೊಂಡು ಹೊರಟೆವು.

ನಿಯಮ ಒಂದೇ ಇತ್ತು. ಒಬ್ಬರ ಪಾತ್ರವನ್ನು ಇನ್ನೊಬ್ಬರು ಕದಲಿಸುವಂತಿಲ್ಲ. ಏಳಿಸಬಾರದು, ಮಲಗಿಸಬಾರದು, ಸಾಯಿಸಬಾರದು.

ಈ ವರ್ಷ ಏಪ್ರಿಲಿನಲ್ಲಿ ಯಶೋಧಾ ಗುಂಪಿನಲ್ಲಿ ಬರೆದರು: "ಜೂನ್ ಒಂದಕ್ಕ ಸಾಲಿ ಸುರು. ನನಗ ಮುಖ್ಯೋಪಾಧ್ಯಾಯರ ಚಾರ್ಜ್ ಕೊಟ್ಟಾರ. ಮೇ ಮುಗಿಯೂದ್ರಾಗ ಹಡಗು ಇಳಿಸಿ ಕತಿ ಮುಗಸೂಣು. ಅರ್ಧಕ್ಕ ಬಿಟ್ರ ಚಂದಲ್ಲ."

ಹಾಗೆ ಹಡಗು ಇಳಿಯಿತು. ಬಾಗಿಲಲ್ಲಿ ನಿಂತು ಅಮಸಿದ್ದ ಬರೆದ: "ಅಕ್ಕೋರ, ನೀವ ಹಿರ್ಯಾರು. ಮೊದ್ಲ ನೀವು ಇಳೀರಿ."

"ಕ್ಯಾಪ್ಟನ್ ಕಡೀಕ ಇಳೀತಾರ. ನೀವ ಇಳೀರಿ."

"ಕಡೀಕ ಇಳಿಯಾಂವ ಕಂಡಕ್ಟರ್ ರೀ. ಎಲ್ಲಾರನ್ನೂ ಇಳಿಸಿ, ಸೀಟಿನ ಬುಡಕ ಯಾರದರ ಚೀಲ ಉಳದೈತೇನು ನೋಡಿ, ಆಮ್ಯಾಲ. ಗುರುನಾಥ, ನೀ ಇಳಿಯೋ ಮಾರಾಯ."

ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ ಇಂಜಿನಿಯರ್ ಅದರ ಹತ್ತಿರ ಇರಬೇಕಾಗುತ್ತದೆ ಎಂದು ನಾನು ಬರೆದೆ. ಇದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ. ಆದರೆ ಅವರಿಬ್ಬರೂ ತಮ್ಮ ತಮ್ಮ ನಿಯಮ ಹೇಳಿದ ಮೇಲೆ ನನ್ನದೂ ಒಂದು ಬೇಕಿತ್ತು. ಹೀಗೆ ಹದಿನಾರು ದಿನ 'ಬರ್ರಿ', 'ನೀವು ನಡೀರಿ', 'ಅದೆಲ್ಲಿ ಮಾತ್ರಿ, ನಿಮ್ಮ ಮುಂದ ನಾ ಹ್ಯಾಂಗ' ಎಂದು ಮೂವರೂ ತೆರೆದ ಬಾಗಿಲಲ್ಲಿ ನಿಂತೆವು. ಹೊರಗೆ ಒಂದು ಗ್ರಹ ಕಾಯುತ್ತಿತ್ತು.

ನಾನು ಇಳಿಯದೇ ಇದ್ದುದಕ್ಕೆ ಬೇರೆ ಕಾರಣವಿತ್ತು. ಕೌಸರಳ ವೈದ್ಯೆ ಒಳಗೆ ನಿದ್ರೆಯ ಪೆಟ್ಟಿಗೆಯಲ್ಲಿ ಮಲಗಿದ್ದಳು. ಮಲಗಿ ಹದಿನಾಲ್ಕು ತಿಂಗಳಾಗಿತ್ತು. ಅಷ್ಟು ದಿನ ಕೌಸರ ಗುಂಪಿನಲ್ಲಿ ಒಂದಕ್ಷರವನ್ನೂ ಬರೆದಿರಲಿಲ್ಲ. ಅದಕ್ಕೆ ಕಾರಣ ನಾನು ಎಂದು ನನಗೆ ಗೊತ್ತಿತ್ತು.

ಅವಳು ಕೊನೆಯದಾಗಿ ಬರೆದ ದಿನ ಕತೆಯಲ್ಲಿ ಒಂದು ಕಲ್ಲು ಬಡಿದು ದೊಡ್ಡ ಸದ್ದಾಗಿತ್ತು, ಆಮೇಲೆ ಅವಳೇ ವೈದ್ಯೆಯನ್ನು ಪೆಟ್ಟಿಗೆಯಲ್ಲಿ ಮಲಗಿಸಿದ್ದಳು. ನಾನು ಅರ್ಧ ಗಂಟೆಯಲ್ಲಿ ಉತ್ತರಿಸಿದ್ದೆ: 'ಆಕಾಶದಲ್ಲಿ ಗಾಳಿ ಇಲ್ಲದಿರುವುದರಿಂದ ಸದ್ದು ಕೇಳಿಸುವುದಿಲ್ಲ. ದಯವಿಟ್ಟು ಗಮನಿಸಬೇಕು.' ಗಮನಿಸಬೇಕು ಎಂದದ್ದು ತಪ್ಪಾಯಿತು. ಎಲ್ಲರೆದುರು ಹೇಳಿದ್ದಂತೂ ದೊಡ್ಡ ತಪ್ಪು. ಸಂಜೆ ಕಾಲೇಜಿನಲ್ಲಿ ಓದಿದವನಿಗೆ ತಾನು ಕಲಿತದ್ದನ್ನು ಯಾರಾದರೂ ಪರೀಕ್ಷಿಸಲಿ ಎಂಬ ಆಸೆ ಇರುತ್ತದೆಯೇನೋ. ಅವಳು ಮೌನವಾದಳು. ಫೋನ್ ಮಾಡಲು ಧೈರ್ಯವಾಗಲಿಲ್ಲ. ಕ್ಷಮೆ ಕೇಳಿ ಪ್ರತ್ಯೇಕವಾಗಿ ಬರೆಯಲು ಹೋದರೆ ಪ್ರತಿ ವಾಕ್ಯವೂ ಮತ್ತೆ ಪಾಠ ಹೇಳಿದಂತೆ ಕಾಣುತ್ತಿತ್ತು, ಬರೆದು ಅಳಿಸುತ್ತಿದ್ದೆ. ಕೊನೆಗೆ ಕತೆಯಲ್ಲೇ ಕೇಳಿಕೊಂಡೆ. ಇಂಜಿನಿಯರ್ ದಿನವೂ ಪೆಟ್ಟಿಗೆಯ ಹತ್ತಿರ ಹೋಗುತ್ತಾನೆ, ಶಾಖ ನೋಡುತ್ತಾನೆ, ಗಾಜು ಒರೆಸುತ್ತಾನೆ, ತನ್ನ ಅಜ್ಞಾನದ ಬಗ್ಗೆ ಎರಡು ಮಾತು ಹೇಳುತ್ತಾನೆ. ದಿನಕ್ಕೆ ಮೂರು ಸಂದೇಶ, ಕೆಲವೊಮ್ಮೆ ನಾಲ್ಕು. ಒಂದು ದಿನವೂ ತಪ್ಪಿಸಲಿಲ್ಲ.

ಈಗ ಕತೆ ಮುಗಿದರೆ ಅವಳು ಆ ಪೆಟ್ಟಿಗೆಯಲ್ಲೇ ಉಳಿಯುತ್ತಾಳೆ. ಏಳಿಸಲು ನಮಗೆ ಹಕ್ಕಿಲ್ಲ.

ಮೇ ಇಪ್ಪತ್ತಾರಕ್ಕೆ ರಜೆ ಹಾಕಿ, ದೇವರ ಹಿಪ್ಪರಗಿಯಲ್ಲಿ ಬಸ್ ಬದಲಿಸಿ ಮುದ್ದೇಬಿಹಾಳಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ.

ಅಂಗಡಿಯಲ್ಲಿ ಕೌಸರ ಒಬ್ಬ ಮುದುಕಿಗೆ ಗುಳಿಗೆ ಕೊಡುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. "ಗುರಣ್ಣ, ನೀವು ಇಲ್ಲಿ? ಬರ್ರಿ, ಕೂಡ್ರಿ. ಏನ್ ಆರಾಮಿಲ್ಲೇನು?"

ನಗುವನ್ನು ನಾನು ನಿರೀಕ್ಷಿಸಿರಲಿಲ್ಲ. ಬಾಯಿಪಾಠ ಮರೆತುಹೋಯಿತು. "ಇಲ್ಲವಾ. ಕ್ಷಮಾ ಕೇಳಾಕ ಬಂದೇನಿ," ಎಂದೆ.

"ಯಾತಕ್ಕ?"

"ಆವತ್ತು ನಾ ಹಂಗ ಎಲ್ಲಾರ ಮುಂದ ತಿದ್ದಬಾರದಿತ್ತು."

"ಏನ್ ತಿದ್ದಿದ್ರಿ?"

ಮುದುಕಿ, ಕೌಸರ ಆಕೆಯನ್ನು ರೇವವ್ವ ಎಂದು ಕರೆಯುತ್ತಿದ್ದಳು, ಇಬ್ಬರ ಮುಖವನ್ನೂ ನೋಡಿದಳು. "ಊಟಕ್ಕ ಮೊದ್ಲೊ ಆಮ್ಯಾಲೊ ಅಷ್ಟ ಹೇಳವ್ವ ನನಗ. ನಿಮ್ಮ ತಿದ್ದೂದು ಆಮ್ಯಾಲ ತಿದ್ದಕೊಳ್ರಿ."

"ಆಮ್ಯಾಲ, ರೇವವ್ವ ಆಯಿ. ದಿನಕ್ಕ ಎರಡ ಸಲ."

"ಹೋದ ಸಲ ಮೊದ್ಲ ಅಂದಿದ್ದಿ."

"ಅದು ಬ್ಯಾರೆ ಗುಳಿಗಿ."

ರೇವವ್ವ ಗುಳಿಗೆಯನ್ನು ಸೆರಗಿಗೆ ಕಟ್ಟಿಕೊಂಡಳು, ಆದರೆ ಹೋಗಲಿಲ್ಲ. ಫ್ಯಾನಿನ ಕೆಳಗಿನ ಸ್ಟೂಲಿನ ಮೇಲೆ ಕುಳಿತಳು.

"ನಾ ನಿಮ್ಮದೇನೂ ಓದಿಲ್ರಿ ಅಣ್ಣ," ಎಂದಳು ಕೌಸರ. "ಆ ದಿನ ಬರದು ಹಾಕಿದ್ನಿ, ಮರುದಿನದಿಂದ ಡಿ.ಫಾರ್ಮಾ ಪರೀಕ್ಷಾ. ಗುಂಪು ಮ್ಯೂಟ್ ಮಾಡಿದ್ನಿ. ಪರೀಕ್ಷಾ ಮುಗಿಸಿ ತಗದು ನೋಡಿದ್ರ ಇನ್ನೂರ ಮೆಸೇಜ್. ಎಲ್ಲಾ ಓದಿ ಆಮ್ಯಾಲ ಬರೀಬೇಕು ಅಂದಕೊಂಡ್ನಿ. ಓದ್ದ ನಡಬರಕ ಬಾಯಿ ಹಾಕೂದು ಸರಿ ಅಲ್ಲಲ್ಲ. ಮುಂದಿನ ವಾರ ನೋಡಿದ್ರ ಮುನ್ನೂರಾಗಿದ್ವು. ಈಗ ಎರಡ ಸಾವಿರದ ಮ್ಯಾಲ ಅದಾವ. ನೋಡಿದ್ರ ಎದಿ ಝಲ್ ಅಂತೈತಿ. ಯಾರ್ ಅಷ್ಟ ಬರ್ಯಾಕತ್ತಾರ ದಿನಾ?"

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಎರಡು ಸಾವಿರದಲ್ಲಿ ಸಾವಿರದ ಐನೂರು ನನ್ನವೇ ಇದ್ದವು. ಅವಳು ಮರಳಿ ಬರಲೆಂದು ನಾನು ದಿನವೂ ಒರೆಸುತ್ತಿದ್ದ ಗಾಜು ಅವಳ ಬಾಗಿಲಿಗೆ ಅಡ್ಡಲಾಗಿ ಗೋಡೆಯಾಗಿ ಬೆಳೆದಿತ್ತು.

"ಅದಿರ್ಲಿ, ಏನ್ ತಿದ್ದಿದ್ರಿ ಹೇಳ್ರಿ."

"ಬ್ಯಾಡ ಬಿಡವಾ. ನೀ ನೋಡಿಲ್ಲಂದ್ರ ಛಲೋನ ಆತು."

"ಮುದ್ದೇಬಿಹಾಳ ತನಕಾ ಬಂದು ಬ್ಯಾಡ ಅಂದ್ರ?"

"ಹೇಳಪಾ," ಎಂದಳು ರೇವವ್ವ. "ನಂದೂ ಬಸ್ಸಿಗೆ ಇನ್ನ ಟೈಮ್ ಐತಿ."

ಕೌಸರ ಫೋನ್ ತೆಗೆದು ಹಿಂದೆ ಹಿಂದೆ ಸರಿಸುತ್ತ ಹೋದಳು. ಬಹಳ ಹೊತ್ತು ಹಿಡಿಯಿತು. ನನ್ನ ಕ್ಷಮೆಗಳೆಲ್ಲ ಅವಳ ಹೆಬ್ಬೆರಳಿನ ಕೆಳಗೆ ಓಡಿಹೋದವು, ಒಂದನ್ನೂ ಅವಳು ಓದಲಿಲ್ಲ. ಕೊನೆಗೆ ನಿಂತಳು. ಓದಿದಳು. ನಗು ಹೋಯಿತು.

"ಇದರ ಮ್ಯಾಲ ನಾ ಏನ್ ಬರದೇನಿ, ನೀವ ಓದ್ರಿ. ಜೋರಾಗಿ ಓದ್ರಿ."

ಓದಿದೆ. "ಕಲ್ಲೊಂದು ಹಡಗಿಗೆ ಬಡಿದ ಸದ್ದಿಗೆ ವೈದ್ಯೆ ಬೆಚ್ಚಿದಳು."

"ಕಲ್ಲು ಎಲ್ಲಿ ಬಡೀತು?"

"ಹಡಗಿಗೆ."

"ವೈದ್ಯೆ ಎಲ್ಲಿದ್ಲು?"

"ಒಳಗ."

"ಒಳಗ ಗಾಳಿ ಇಲ್ಲೇನು? ಇಲ್ಲಂದ್ರ ಇಷ್ಟ ವರ್ಷ ನಾವು ಏನ್ ಉಸಿರಾಡಿದ್ವಿ?"

ರೇವವ್ವ ತಲೆ ಅಲ್ಲಾಡಿಸಿದಳು. "ನಮ್ಮ ತಗಡಿನ ಪತ್ರಾಸಿನ ಮನಿಗೆ ಕಲ್ಲು ಒಗದ್ರ ಒಳಗ ಕೇಳಸ್ತೈತಿ."

ಹದಿನಾಲ್ಕು ತಿಂಗಳು ನಾನು ಹೇಳಿದ ರೀತಿ ತಪ್ಪು ಎಂದು ಸಂಕಟಪಟ್ಟಿದ್ದೆ. ಹೇಳಿದ ವಿಷಯವೇ ತಪ್ಪಾಗಿರಬಹುದು ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಇಷ್ಟು ಅನುಮಾನದ ಮನುಷ್ಯನಿಗೆ ಅನುಮಾನ ಬರಬೇಕಾದ ಜಾಗದಲ್ಲೇ ಬಂದಿರಲಿಲ್ಲ.

"ನಂದ ತಪ್ಪು," ಎಂದೆ. "ಗುಂಪಿನ್ಯಾಗ ಬರದು ಹಾಕ್ತೇನಿ."

"ಬ್ಯಾಡ್ರಿ. ನೀವು ಏನೂ ಬರೀಬ್ಯಾಡ್ರಿ. ನಿಮ್ಮ ಕೈಮುಗಿತೇನಿ." ಅವಳಿಗೆ ಈಗ ನಿಜಕ್ಕೂ ಸಿಟ್ಟು ಬಂದಿತ್ತು. ನೋಡದೇ ಇದ್ದ ಅಪಮಾನವನ್ನು ನಾನೇ ಬಸ್ ಹತ್ತಿ ತಂದು ತಲುಪಿಸಿದ್ದೆ. "ಇಷ್ಟ ದಿನಾ ತಪ್ಪು ನಂದು ಅಂತ ಇಲ್ಲಿ ನಿಂತೈತಿ. ಅಕ್ಕೋರೂ ಓದ್ಯಾರ, ಅಮಸಿದ್ದನೂ ಓದ್ಯಾನ. ಒಬ್ಬರರ ಕೇಳಬಾರದು?"

ಚಹಾ ತರಿಸಿದಳು, ನಾನು ಕುಡಿದೆ. ಎರಡು ಗಂಟೆಯ ಬಸ್ಸಿಗೆ ಹತ್ತಿದೆ.

ಹಿಪ್ಪರಗಿ ತಲುಪುವ ಮೊದಲೇ ಫೋನ್ ಸದ್ದು ಮಾಡಿತು. ಕಡೆಯ ಕೆಲವು ಸಂದೇಶಗಳನ್ನಾದರೂ ಓದಿರಬೇಕು, ಕೌಸರ ಬರೆದಿದ್ದಳು: 'ವೈದ್ಯೆ ಎಚ್ಚರವಾಗಿ ಪೆಟ್ಟಿಗೆಯನ್ನು ಒಳಗಿನಿಂದ ಒದ್ದು ತೆರೆದಳು. ಒದ್ದ ಸದ್ದು ಹಡಗಿನಲ್ಲಿ ಎಲ್ಲರಿಗೂ ಕೇಳಿಸಿತು. ಬಾಗಿಲಲ್ಲಿ ಮೂವರು ನಿಂತಿದ್ದರು. ಅವಳು ಅವರನ್ನು ದಾಟಿ, ಯಾರನ್ನೂ ಕೇಳದೆ, ಕೆಳಗಿಳಿದಳು.'

ಒಬ್ಬರು ಇಳಿದಾಯಿತೆಂದರೆ ಉಳಿದವರಿಗೆ ಮರ್ಯಾದೆಯ ತೊಂದರೆ ಇರಲಿಲ್ಲ. ಯಶೋಧಾ ಬರೆದರು: 'ಕ್ಯಾಪ್ಟನ್ ಇಳಿದರು.' ಕೆಳಗೆ ಮತ್ತೆ: "ಕೌಸರ, ಆರಾಮದೀಯೇನವಾ? ಸದ್ದಿನ ಮಾತು ನೀ ಬರದದ್ದ ಖರೆ ಅಂತ ನನಗ ಅವತ್ತ ಗೊತ್ತಿತ್ತು. ಗುರುನಾಥರಿಗೆ ಬೇಜಾರಾಗಬಾರದು ಅಂತ ಸುಮ್ನಿದ್ನಿ."

ಅಮಸಿದ್ದ ಬರೆದ: "ನಾನೂ ಅದಕ್ಕ ಸುಮ್ನಿದ್ನಿ. ಗುರುನಾಥ, ಲಗೂ ಇಳಿಯೋ. ನನಗ ಬಾಗಲಾ ಹಾಕೂದೈತಿ."

ನಾನು ಕೌಸರಳ ಸಂದೇಶವನ್ನು ಎರಡು ಸಲ ಓದಿದೆ. ಹೊರಗಿನ ಗಾಳಿ ಉಸಿರಾಟಕ್ಕೆ ಯೋಗ್ಯವಾಗಿದೆಯೇ ಎಂದು ಅವಳು ನೋಡಿರಲಿಲ್ಲ. ಕ್ಯಾಪ್ಟನ್ನರೂ ನೋಡಿರಲಿಲ್ಲ. ಹೇಳಬಾರದು ಎಂದುಕೊಂಡೆ. ಬಸ್ ಎರಡು ಹಳ್ಳಿ ದಾಟುವವರೆಗೆ ತಡೆದುಕೊಂಡೆ. ಆಮೇಲೆ, ಅವರಿಗೇ ಏನಾದರೂ ಆದರೆ ಎಂಬ ಯೋಚನೆ ಬಿಡಲಿಲ್ಲ.

"ಹೊರಗ ಗಾಳಿ ಐತೋ ಇಲ್ಲೋ ನೋಡಿದ್ರೇನ್ರಿ?" ಎಂದು ಕೇಳಿದೆ.

ಕೌಸರಳ ಉತ್ತರ ಕೂಡಲೇ ಬಂತು. "ನೀವ ಇಳದು ನೋಡ್ರಿ."

ಇಂಜಿನ್ ಯಾವಾಗಲೋ ತಣ್ಣಗಾಗಿತ್ತು. ಹೇಳಲು ಬೇರೆ ನಿಯಮ ಉಳಿದಿರಲಿಲ್ಲ. ನಾನು ಬರೆದೆ: 'ಇಂಜಿನಿಯರ್ ಮೂಗು ಮುಚ್ಚಿಕೊಂಡು ಇಳಿದ. ಎಂಟು ಹೆಜ್ಜೆ ನಡೆದು, ಇನ್ನು ತಡೆಯಲಾರದೆ, ಉಸಿರಾಡಿದ.'