ಕೂತಿರುವ ಒಂದು ಫೋಟೋ

ಜಿನೀವಾದಿಂದ ಬಂದ ಶಿಫಾರಸುಗಳನ್ನು ದೋನ್ ವಿಲ್ಫ್ರಿದೋ ಎರಡು ಕಟ್ಟು ಮಾಡುತ್ತಿದ್ದರು. ಎಡಗಡೆಯದು ‘ಒಪ್ಪಿಕೊಂಡಿದ್ದೇವೆ’. ಬಲಗಡೆಯದು ‘ಗಮನಿಸಿದ್ದೇವೆ’. ಗಮನಿಸಿದ್ದೇವೆ ಎಂದರೆ ಆಗುವುದಿಲ್ಲ ಎಂದರ್ಥ. ಹಾಗೆ ಹೇಳಿದರೆ ಯಾರ ಮನಸ್ಸಿಗೂ ನೋವಾಗುವುದಿಲ್ಲ, ಅಷ್ಟೆ.

ಪರಾಗ್ವೆಯಲ್ಲಿ ಮನುಷ್ಯರ ಹಕ್ಕುಗಳು ಹೇಗಿವೆ ಎಂದು ಬೇರೆ ದೇಶದವರು ವಿಚಾರಿಸಿದಾಗಲೆಲ್ಲ ಉತ್ತರ ತಯಾರಾಗುತ್ತಿದ್ದುದು ರಾಜಧಾನಿ ಆಸುನ್ಸಿಯಾನಿನ ಈ ಕೋಣೆಯಲ್ಲೇ. ಗೋಡೆಗೆ ಒಂದು ಫ್ಯಾನು. ಮೇಜಿನ ಮೇಲೆ ಐಸು ತುಂಬಿದ ತಣ್ಣೀರಿನ ಜಗ್ಗು, ತೆರೆರೆ ಎಂಬ ತಣ್ಣನೆಯ ಕಷಾಯದ ಸೊಪ್ಪು ತುಂಬಿದ ಕೊಂಬಿನ ಲೋಟ. ನೀರು ಹಾಕಿ ಸರದಿಗೆ ಕೊಡುವುದು ಕೋಣೆಯಲ್ಲಿ ಕಿರಿಯರ ಕೆಲಸ. ಇಲ್ಲಿ ಕಿರಿಯಳು ವಕೀಲೆ ನಿಮಿಯಾ.

“ನಮ್ಮಮ್ಮನ್ನ ನಾನು ಬೈತೀನಿ, ದಿನಾ ಬೈತೀನಿ. ಪಕ್ಕದ್ಮನೆಯವನು ಬೈದ್ರೆ ಹಲ್ಲು ಉದುರಿಸ್ತೀನಿ. ದೇಶಾನೂ ಹಾಗೇ ಅಲ್ವೇನಮ್ಮ?” ಎಂದರು ವಿಲ್ಫ್ರಿದೋ.

“ನಿಮ್ಮ ಹಲ್ಲೇ ಅರ್ಧ ಇಲ್ಲ ದೋನ್ ವಿಲ್ಫ್ರಿದೋ.”

“ಅದಕ್ಕೇ ಬಾಯಲ್ಲಿ ಹೇಳದೆ ಬರೆದು ಕಳಿಸ್ತೀನಿ.”

ಅವರ ಕೈಯಲ್ಲಿ ಇನ್ನೊಂದು ಹಾಳೆ ಉಳಿದಿತ್ತು. ಹಳ್ಳಿಯ ಬಡ ಮಕ್ಕಳನ್ನು ಪೇಟೆಯ ಮನೆಗಳಲ್ಲಿ ಇಟ್ಟುಕೊಂಡು, ಅನ್ನ, ಬಟ್ಟೆ, ಶಾಲೆ ಕೊಟ್ಟು ಮನೆಗೆಲಸ ಮಾಡಿಸಿಕೊಳ್ಳುವ ರೂಢಿಯನ್ನು ನಿಲ್ಲಿಸಬೇಕು ಎಂದು ಅದರಲ್ಲಿತ್ತು. ಜಿನೀವಾದವರ ಪ್ರಕಾರ ಅದು ಸಂಬಳವಿಲ್ಲದ ದುಡಿಮೆ.

“ಇದಕ್ಕೆ ಉತ್ತರ ನೀನೇ,” ಎಂದರು ವಿಲ್ಫ್ರಿದೋ, ಹಾಳೆಯನ್ನು ಬಲಗಡೆಯ ಕಟ್ಟಿಗೆ ಹಾಕುತ್ತ. “ಕಾಸಾಪಾದ ಹಳ್ಳಿಯಿಂದ ಬಂದೆ, ದೋನ್ಯಾ ದೆಲ್ಫೀನಾ ಮನೇಲಿ ಬೆಳೆದೆ, ವಕೀಲೆ ಆದೆ. ಜಿನೀವಾದಲ್ಲಿ ನೀನೇ ಎದ್ದು ನಿಂತು ಓದು. ನಾನು ಕೆಲಸದವಳಲ್ಲ, ಮನೆಮಗಳು ಅಂತ. ಹಿಂದೆ ಪರದೆ ಮೇಲೆ ಒಂದು ಫೋಟೋ. ಊಟದ ಮೇಜು, ಸುತ್ತ ಎಲ್ಲರೂ, ಮಧ್ಯ ನೀನು. ಅವರ ಬಾಯಿ ಮುಚ್ಚಿಹೋಗುತ್ತೆ.”

ನಿಮಿಯಾ ಲೋಟಕ್ಕೆ ನೀರು ಹಾಕಿದಳು. ಯಾವ ದೇಶದವರೋ ದೆಲ್ಫೀನಾಳನ್ನು ಕೂಲಿ ಕೊಡದ ಯಜಮಾನಿ ಅಂದರೆ ನಿಮಿಯಾಳಿಗೂ ಹಲ್ಲು ಉದುರಿಸಬೇಕು ಅನ್ನಿಸುತ್ತಿತ್ತು. ಟೈಫಾಯ್ಡ್ ಬಂದಾಗ ತನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡವಳು ದೆಲ್ಫೀನಾ. ಶಾಲೆಯ ಸಿಸ್ಟರುಗಳ ಜೊತೆ ಜಗಳವಾಡಿ ಸೀಟು ಕೊಡಿಸಿದವಳು. ಹಾಗಿದ್ದೂ ‘ಮನೆಮಗಳು’ ಎಂದು ಅಷ್ಟು ಜನರ ಮುಂದೆ ಹೇಳಬೇಕು ಎಂದಾಗ ತುಂಬಿದ ಲೋಟವನ್ನು ವಿಲ್ಫ್ರಿದೋಗೆ ಕೊಡುವುದನ್ನೇ ಮರೆತಳು.

ಭಾನುವಾರ ನಿಮಿಯಾ ಸಾಹೋನಿಯಾ ಬಡಾವಣೆಯ ಆ ಮನೆಗೆ ಹೋದಾಗ ದೆಲ್ಫೀನಾ ಆಗಲೇ ತಲೆಗೆ ಬಣ್ಣ ಹಚ್ಚಿಸಿಕೊಂಡು ಕೂತಿದ್ದಳು. ವಿಲ್ಫ್ರಿದೋ ಫೋನ್ ಮಾಡಿದ್ದರಂತೆ.

“ಜಿನೀವಾದಲ್ಲಿ ನನ್ನ ಹೆಸರು ಹೇಳ್ತೀಯಂತಲ್ಲೇ! ದೆಲ್ಫೀನಾ ಒಂದೇ ಅಂದ್ರೆ ಯಾರಿಗೆ ಗೊತ್ತಾಗುತ್ತೆ? ನನ್ನ ಗಂಡನ ಮನೆ ಹೆಸರೂ ಸೇರಿಸು.”

“ಗಂಡ ಬಿಟ್ಟುಹೋಗಿ ಇಪ್ಪತ್ತು ವರ್ಷ ಆಯ್ತಲ್ಲ ಮದ್ರೀನಾ?” ಮದ್ರೀನಾ ಎಂದರೆ ಧರ್ಮತಾಯಿ; ನಿಮಿಯಾ ಅವಳನ್ನು ಕರೆಯುತ್ತಿದ್ದುದೇ ಹಾಗೆ.

“ಹೋದವನು ಹೆಸರು ತಗೊಂಡು ಹೋಗಲಿಲ್ಲ. ಬಾ, ಫೋಟೋ ಆರಿಸೋಣ.”

ಮಾವಿನಮರದ ಕೆಳಗೆ ಮೇಜು ಹಾಕಿ ದೆಲ್ಫೀನಾ ಫೋಟೋಗಳ ಡಬ್ಬ ಸುರುವಿದಳು. ಕನ್ನಡಕ ಹಣೆಗೇರಿಸಿ ಒಂದೊಂದನ್ನೇ ಕಣ್ಣಿನ ಹತ್ತಿರ ಹಿಡಿದಳು. ದೊಡ್ಡ ಮಗಳ ಹದಿನೈದನೇ ಹುಟ್ಟುಹಬ್ಬ. ಎಲ್ಲರೂ ಮೇಜಿನ ಸುತ್ತ. ನಿಮಿಯಾ ಕೇಕು ಹಿಡಿದು ಬಾಗಿಲಲ್ಲಿ. “ಇದಲ್ಲ,” ಅಂದಳು. ಕ್ರಿಸ್‌ಮಸ್. ನಿಮಿಯಾಳ ಕೈ ಮಾತ್ರ ಇದೆ, ಜಗ್ಗು ಹಿಡಿದದ್ದು. “ಇದಲ್ಲ.” ಚರ್ಚಿನಲ್ಲಿ ಚಿಕ್ಕ ಮಗಳ ಮೊದಲ ಪರಮಪ್ರಸಾದ. ಬಿಳಿ ಫ್ರಾಕುಗಳ ಹಿಂದೆ ನಿಮಿಯಾ, ತೋಳಿನ ಮೇಲೆ ಎಲ್ಲರ ಕೋಟು. “ಇದು... ಇದೂ ಅಲ್ಲ.”

ಡಬ್ಬ ಖಾಲಿಯಾಯಿತು. ದೆಲ್ಫೀನಾ ನೋಡಿದ್ದನ್ನೇ ಮತ್ತೆ ಮೊದಲಿಂದ ನೋಡಿದಳು.

“ಒಂದರಲ್ಲೂ ಕೂತಿಲ್ವಲ್ಲೇ ನೀನು.”

“ಕೆಲಸ ಇರ್ತಿತ್ತು.”

“ಊಟ ಎಲ್ಲಿ ಮಾಡ್ತಿದ್ದೆ?”

ನಿಮಿಯಾ ಒಗೆಯುವ ಕಲ್ಲಿನ ಕಡೆ ನೋಡಿದಳು. ಅದರ ಪಕ್ಕದ ಮೊಟಕು ಸ್ಟೂಲು ಈಗಲೂ ಅಲ್ಲೇ ಇತ್ತು. ಮೇಲೊಂದು ಹೂಕುಂಡ.

“ನಾನು ಬೇಡ ಅಂದಿದ್ನಾ?”

“ಇಲ್ಲ ಮದ್ರೀನಾ.”

“ಬಾ ಅಂತ ಕರೆದಿದ್ನಾ?”

ದೆಲ್ಫೀನಾ ಕನ್ನಡಕ ತೆಗೆದು ಏಪ್ರನ್ನಿನ ತುದಿಯಲ್ಲಿ ಒರೆಸಿದಳು. ಬಹಳ ಹೊತ್ತು ಒರೆಸಿದಳು.

“ನಮ್ಮಮ್ಮನ ಮನೇಲೂ ಒಬ್ಬಳು ಇದ್ಲು,” ಅಂದಳು. “ಅವಳ ಹೆಸರು ನೆನಪಿಗೆ ಬರ್ತಿಲ್ಲ ನೋಡು.”

ಬಿಸಿಲು ಏರುತ್ತಿತ್ತು. ನಿಮಿಯಾ ಅಭ್ಯಾಸದಂತೆ ಎದ್ದು ಮೇಜಿನ ಮೇಲಿದ್ದ ತೆರೆರೆಯ ಜಗ್ಗಿಗೆ ಕೈ ಹಾಕಿದಳು.

“ಕೂತ್ಕೋ.”

“ಕಿರಿಯಳು ನಾನಲ್ವಾ?”

“ಕೂತ್ಕೋ ಅಂದೆ! ವಕೀಲೆ ಆದ್ರೂ ಮಾತು ಕೇಳಲ್ಲ ಇವಳು.”

ತೆರೆರೆಯ ಮೊದಲ ನೀರು ಸಂತ ತೋಮಾಸನಿಗೆ ಎಂಬುದು ರೂಢಿ. ಅದನ್ನು ಯಾರೂ ಕುಡಿಯುವುದಿಲ್ಲ, ಸೊಪ್ಪು ಹೀರಿಕೊಳ್ಳಲಿ ಎಂದು ಬಿಡುತ್ತಾರೆ. ದೆಲ್ಫೀನಾ ತಾನೇ ಜಗ್ಗು ಬಗ್ಗಿಸಿದಾಗ ಅರ್ಧ ನೀರು ಫೋಟೋಗಳ ಮೇಲೆ ಚೆಲ್ಲಿತು. ಅವಳು ಒರೆಸಲಿಲ್ಲ. ಎರಡನೆಯ ಸಲ ಲೋಟ ತುಂಬಿ ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ನಿಮಿಯಾ ಕೂತೇ ಕುಡಿದಳು. ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು.

ಬಾಗಿಲವರೆಗೆ ಬಂದ ದೆಲ್ಫೀನಾ ಅವಳ ಕಾಲರು ಸರಿಮಾಡಿದಳು.

“ಹೆಸರು ಬೇಕಾದ್ರೆ ಹೇಳು, ಬೇಡದಿದ್ರೆ ಬಿಡು. ಸುಳ್ಳು ಮಾತ್ರ ಹೇಳ್ಬೇಡ. ಪ್ರೀತಿ ಇರಲಿಲ್ಲ ಅಂತಾನೂ ಹೇಳ್ಬೇಡ, ಕೇಳಿಸ್ತಾ?”

“ಕೇಳಿಸ್ತು.”

ಸೋಮವಾರ ವಿಲ್ಫ್ರಿದೋ ಬಾಗಿಲಲ್ಲೇ ಕೇಳಿದರು. “ಫೋಟೋ?”

“ಸಿಗಲಿಲ್ಲ.”

“ಇಪ್ಪತ್ತು ವರ್ಷದಲ್ಲಿ ಒಂದೂ ಇಲ್ವಾ?”

“ಇವೆ. ಎಲ್ಲದರಲ್ಲೂ ನಿಂತಿದ್ದೀನಿ.”

ವಿಲ್ಫ್ರಿದೋ ಕುರ್ಚಿ ಎಳೆದುಕೊಂಡು ಕೂತರು.

“ಜಿನೀವಾಕ್ಕೆ ನಾನು ಬರಲ್ಲ. ನನ್ನ ಕಥೆ ಆ ಉತ್ತರದಲ್ಲಿ ಬೇಡ,” ಎಂದಳು ನಿಮಿಯಾ. “ಅವರು ನನ್ನನ್ನ ಪ್ರೀತಿಯಿಂದ ಸಾಕಿದ್ರು. ನಾನು ಸ್ಟೂಲಿನ ಮೇಲೆ ಊಟ ಮಾಡ್ತಿದ್ದೆ. ಎರಡೂ ಹೇಳೋಕೆ ಬಿಟ್ರೆ ಬರ್ತೀನಿ.”

“ಎರಡನೇದನ್ನ ಮೇಲಿನವರು ತೆಗೆಸ್ತಾರೆ.”

“ಗೊತ್ತು.”

ಅವಳು ಬಲಗಡೆಯ ಕಟ್ಟಿನಿಂದ ಆ ಹಾಳೆ ತೆಗೆದು ಎಡಗಡೆಯದರ ಮೇಲಿಟ್ಟಳು. ವಿಲ್ಫ್ರಿದೋ ಹಾಳೆಯನ್ನು ನೋಡಿದರು, ಅವಳನ್ನು ನೋಡಿದರು.

“ನನ್ನನ್ನ ಬೈಯಿಸ್ತೀಯ ನೀನು. ನಮ್ಮ ಮನೇಲೂ ಒಬ್ಬಳಿದ್ದಾಳೆ, ಗೊತ್ತಾ? ಹನ್ನೆರಡು ವರ್ಷ. ಬಲು ಚುರುಕು.”

“ಊಟ ಎಲ್ಲಿ ಮಾಡ್ತಾಳೆ?”

ಫ್ಯಾನು ತಿರುಗಿ ಹಾಳೆಗಳು ಹಾರತೊಡಗಿದಾಗ ವಿಲ್ಫ್ರಿದೋ ಎಡಗಡೆಯ ಕಟ್ಟನ್ನು ಅಂಗೈಯಲ್ಲಿ ಒತ್ತಿ ಹಿಡಿದರು. ಆಮೇಲೆ ಕೊಂಬಿನ ಲೋಟವನ್ನು ಅದರ ಮೇಲೆ ಹಾರದಂತೆ ಇಟ್ಟು, ನೀರು ತಾವೇ ಹಾಕಲೆಂದು ಜಗ್ಗನ್ನು ತಮ್ಮ ಕಡೆಗೆ ಎಳೆದುಕೊಂಡರು.