ಅಕ್ಕನ ರಕ್ತಕ್ಕೆ ಅಂಟದ ಪ್ರೋಟೀನು

ನಮ್ಮ ಭಾವ ನಿವೃತ್ತಿಯಾಗುವವರೆಗೂ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಕೆಲಸ ಹೋದರೂ ಚಾಳಿ ಹೋಗಲಿಲ್ಲ. ಎದುರಿಗೆ ಬಂದವರೆಲ್ಲ ಟಿಕೆಟ್ ಇಲ್ಲದೆ ಹತ್ತಿದವರೇ ಎಂಬ ಹಾಗೆ ನೋಡುತ್ತಿದ್ದರು. ರೈಲು ತಪ್ಪಿದ ಮೇಲೆ ಅವರ ಕೈಗೆ ಸಿಕ್ಕಿದ್ದು ಅಕ್ಕ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಈ ಕಾಲದಲ್ಲಿ ಅದೇನು ಸುದ್ದಿಯಲ್ಲ. ಆದರೆ ಇವಳಿಗೆ ಎಷ್ಟು ಇನ್ಸುಲಿನ್ ಚುಚ್ಚಿದರೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ, ಸಕ್ಕರೆ ಒಂದಿಷ್ಟೂ ಇಳಿಯುತ್ತಿರಲಿಲ್ಲ. ಡಾಕ್ಟರು ಏರಿಸುತ್ತಲೇ ಹೋದರು, ಅಕ್ಕ ಸವೆಯುತ್ತಲೇ ಹೋದಳು. ಅವಳು ಹೊಲಿಗೆಯವಳು. ಕಡೆಕಡೆಗೆ ಬೇರೆಯವರ ಬಟ್ಟೆ ಹೊಲಿಯುವುದಕ್ಕಿಂತ ತನ್ನ ಬಟ್ಟೆಗಳನ್ನೇ ಬಿಚ್ಚಿ ಬಿಗಿ ಮಾಡಿಕೊಳ್ಳುವುದೇ ಹೆಚ್ಚಾಯಿತು.

“ಕದ್ದು ತಿಂತಾಳೆ,” ಎಂದರು ಭಾವ. ಡಾಕ್ಟರೂ ಅದನ್ನೇ ನಯವಾಗಿ, “ಪಥ್ಯ ಸರಿಯಾಗಿ ಮಾಡ್ತಿದೀರಾ ಅಮ್ಮಾ?” ಎಂದು ಕೇಳುತ್ತಿದ್ದರು. ಭಾವ ದಿಂಬಿನ ಕೆಳಗೆ ಹುಡುಕಿದರು, ನೂಲುಂಡೆಗಳ ಡಬ್ಬಿ ಹುಡುಕಿದರು, ಕಸದ ಬುಟ್ಟಿ ಮಗುಚಿ ಚಾಕೊಲೇಟಿನ ಕಾಗದ ಸಿಗುತ್ತದೇನೋ ಎಂದು ನೋಡಿದರು. ಅಕ್ಕ ರೇಗಿದರೆ, “ನೋಡು, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ತಾಳೆ,” ಎನ್ನುತ್ತಿದ್ದರು. ಕೆಟ್ಟವರೇನಲ್ಲ. ಹೆಂಡತಿ ಕಣ್ಣೆದುರೇ ಕರಗಿಹೋಗುತ್ತಿದ್ದಾಳೆಂಬ ಭಯ ಅವರಿಗೆ. ಭಯಪಡಲು ಬಾರದೆ ತಪಾಸಣೆ ಮಾಡುತ್ತಿದ್ದರು.

“ನಾನು ತಿಂದಿಲ್ಲ ಕಣೇ,” ಎಂದು ಅಕ್ಕ ನನಗೆ ಎಷ್ಟು ಸಲ ಹೇಳಿದಳೋ, ಲೆಕ್ಕವಿಟ್ಟಿಲ್ಲ.

ನನ್ನ ಕೆಲಸದ ವಿಷಯ ಇಲ್ಲಿ ಹೇಳಲೇಬೇಕು. ಇನ್ಸುಲಿನ್ ಬಂದಾಗ ಅದನ್ನು ಹಿಡಿದುಕೊಂಡು, ಸಕ್ಕರೆ ಒಳಗೆ ತಗೊಳ್ಳಿ ಎಂದು ಜೀವಕೋಶಕ್ಕೆ ತಿಳಿಸುವ ಒಂದು ಪ್ರೋಟೀನು ನಮ್ಮ ಮೈಯಲ್ಲಿದೆ. ಅದೇ ರಿಸೆಪ್ಟರ್. ಮನುಷ್ಯರ ಆ ರಿಸೆಪ್ಟರನ್ನು ನಾವು ಲ್ಯಾಬಿನಲ್ಲಿ ಮಾಡುತ್ತೇವೆ. ಗಾಜಿನ ಪಾತ್ರೆಗಳಲ್ಲಿ ಬೆಳೆಸಿದ ಕೋಶಗಳು ಅದನ್ನು ದ್ರವಕ್ಕೆ ಬಿಡುತ್ತವೆ. ಆ ದ್ರವವನ್ನು ಸಣ್ಣ ಮಣಿಗಳು ತುಂಬಿದ ಕೊಳವೆಯಲ್ಲಿ ಹಾಯಿಸಿದರೆ ರಿಸೆಪ್ಟರ್ ಮಣಿಗಳಿಗೆ ಅಂಟಿಕೊಳ್ಳುತ್ತದೆ, ಉಳಿದದ್ದು ತೊಳೆದು ಹೋಗುತ್ತದೆ. ಆಮೇಲೆ ಅದನ್ನು ಬಿಡಿಸಿ, ಸಣ್ಣ ಸೀಸೆಗೆ ಹಾಕಿ, “ಸಂಶೋಧನೆಗೆ ಮಾತ್ರ” ಎಂಬ ಚೀಟಿ ಅಂಟಿಸಿ ಕಳಿಸುವುದು. ಎಲ್ಲವೂ ಶೀತಕೋಣೆಯಲ್ಲಿ. ಹೊರಗೆ ಬಿಸಿಲು ಸುಡುತ್ತಿದ್ದರೂ ನಾನು ಸ್ವೆಟರು ಹಾಕಿ ಮೂಗು ಸೊರಸೊರ ಎನ್ನಿಸುತ್ತ ಕೂತಿರುತ್ತೇನೆ. ಮಂಡಿನೋವು ಅಲ್ಲಿಂದಲೇ ಬಂದದ್ದು. ಸಾಕಾಗಿದೆ, ಆದರೂ ಬಿಟ್ಟಿಲ್ಲ.

ಅಪರೂಪಕ್ಕೆ ಕೆಲವರ ಮೈ ಈ ರಿಸೆಪ್ಟರಿನ ಮೇಲೇ ಹಗೆ ಸಾಧಿಸುತ್ತದೆ. ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಅದರ ಮೇಲೆ ಜಾಂಡಾ ಹೂಡಿ ಇನ್ಸುಲಿನ್ನಿಗೆ ಜಾಗವನ್ನೇ ಕೊಡುವುದಿಲ್ಲ. ಅಕ್ಕನಿಗೆ ಅದೇ ಆಗಿರಬಾರದೇಕೆ? ನಾನು ಡಾಕ್ಟರಿಗೆ ಗಂಟುಬಿದ್ದು ಅಕ್ಕನ ರಕ್ತ ತರಿಸಿಕೊಂಡೆ. ನಮ್ಮ ರಿಸೆಪ್ಟರಿಗೆ ಆ ರಕ್ತ ಅಂಟಿದರೆ ಅಕ್ಕ ಗೆದ್ದಂತೆ. ಆ ಕಾಯಿಲೆಗೆ ಬೇರೆ ಔಷಧಿಯೂ ಇದೆ.

ಆಗ ಲ್ಯಾಬಿನಲ್ಲಿ ರಿಸೆಪ್ಟರಿನ ಹೊಸ ಬ್ಯಾಚು ತಯಾರಾಗುತ್ತಿತ್ತು. ನಮ್ಮ ಮುಖ್ಯಸ್ಥರನ್ನು ಹಿಂದಿನಿಂದ ನಾವು ಅರ್ಜೆಂಟಪ್ಪ ಎನ್ನುತ್ತೇವೆ. ಅವರ ಹೊಸ ಉಪಾಯ: ಮಣಿಗಳಿಂದ ಪ್ರೋಟೀನನ್ನು ಬಿಡಿಸಲು ಇಡೀ ದಿನ ಕಾಯುವುದು ಬೇಡ, ಆಮ್ಲ ಹಾಕಿ ಒಂದೇ ಏಟಿಗೆ ಇಳಿಸಿಬಿಡೋಣ. ಇಳಿಯಿತು. ಪ್ರೋಟೀನು ಶುದ್ಧವೇ ಎಂದು ತೋರಿಸುವ ಜೆಲ್ ಎಂಬ ಲೋಳೆಹಾಳೆಯ ಮೇಲೆ ಓಡಿಸಿ ನೋಡಿದರೆ ಒಂದೇ ಒಂದು ಚೊಕ್ಕ ಗೆರೆ, ಕಲ್ಮಶದ ಸುಳಿವಿಲ್ಲ. ಎಲ್ಲರೂ ಬಂದು ನೋಡಿ ಹೊಗಳಿದರು. ನನಗೂ ಹೆಮ್ಮೆಯೇ ಆಯಿತು.

“ಇನ್ಸುಲಿನ್ ಅಂಟುತ್ತಾ ಅಂತ ನೋಡಬೇಕಲ್ಲ ಸಾರ್?” ಎಂದೆ.

“ಇಷ್ಟು ಚೊಕ್ಕವಾಗಿರೋದು ಅಂಟದೆ ಎಲ್ಲಿಗೆ ಹೋಗುತ್ತೆ? ಆಮೇಲೆ ನೋಡೋಣ ಬಿಡಿ,” ಎಂದರು. ಬಿಟ್ಟೆ.

ಅಕ್ಕನ ರಕ್ತ ಅದಕ್ಕೆ ಅಂಟಲಿಲ್ಲ. ಎರಡು ಸಲ ಮಾಡಿದರೂ ಅಂಟಲಿಲ್ಲ.

ಫಲಿತಾಂಶ ಹೇಳಲು ಹೋದ ದಿನ ಅಕ್ಕ ಯಂತ್ರದ ಮುಂದೆ ಕೂತು ಯಾರದೋ ಲಂಗಕ್ಕೆ ಅಂಚು ಹಾಕುತ್ತಿದ್ದಳು. ಭಾವ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. “ನೋಡಿದ್ಯಾ, ವಿಜ್ಞಾನಾನೇ ಹೇಳ್ತಿದೆ,” ಎಂದರು. ನಾನು ಅಕ್ಕನ ಪಕ್ಕ ಕುಕ್ಕರಿಸಿದೆ.

“ಅಕ್ಕಾ, ನನ್ನ ಹತ್ರಾನಾದ್ರೂ ನಿಜ ಹೇಳಿಬಿಡು. ನಾನು ಬೈಯೋದಿಲ್ಲ.”

ಅಕ್ಕ ಯಂತ್ರ ನಿಲ್ಲಿಸಿದಳು. ನನ್ನನ್ನು ನೋಡಿದಳು, ಭಾವನನ್ನು ನೋಡಿದಳು. “ಹೂಂ,” ಎಂದಳು. “ತಿಂತಿದ್ದೆ. ಆಯ್ತಾ?”

ಅಬ್ಬಾ! ಆ ಮನೆಯಲ್ಲಿ ಆಮೇಲೆ ಎಂಥ ನೆಮ್ಮದಿ! ಭಾವ ಕಣ್ಣೊರೆಸಿಕೊಂಡು ಅವಳ ತಲೆ ಸವರಿದರು. “ತಪ್ಪು ಒಪ್ಪಿಕೊಂಡ್ಯಲ್ಲ, ಅಷ್ಟು ಸಾಕು. ಇನ್ಮೇಲೆ ನಾನೇ ನೋಡ್ಕೋತೀನಿ,” ಎಂದರು. ಹುಡುಕಾಟ ನಿಂತಿತು, ತಾವೇ ಅಳೆದು ಬಡಿಸಿ, ತಿಂದು ಮುಗಿಸುವವರೆಗೆ ಎದುರಿಗೆ ಕೂರತೊಡಗಿದರು. ಡಾಕ್ಟರು ಬೇರೆ ಕಾಯಿಲೆ ಹುಡುಕುವುದನ್ನು ಬಿಟ್ಟರು. ನಾನೂ ಹಗುರಾದೆ, ಸುಳ್ಳೇಕೆ. ಅಕ್ಕ ಮಾತ್ರ ಸವೆಯುತ್ತಲೇ ಇದ್ದಳು. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದಳು. ಎದುರಿಗೆ ಕೂತು ತಿನ್ನಿಸಿದರೂ ಹೀಗೇಕೆ ಎಂದು ನಾವು ಯಾರೂ ಕೇಳಿಕೊಳ್ಳಲಿಲ್ಲ. ಉತ್ತರ ಸಿಕ್ಕಿಬಿಟ್ಟಿತ್ತಲ್ಲ!

ಚಳಿ ಕಳೆದ ಮೇಲೆ ದೂರದ ಯಾವುದೋ ಲ್ಯಾಬಿನಿಂದ ದೂರು ಬಂತು: ನಿಮ್ಮ ರಿಸೆಪ್ಟರಿಗೆ ಇನ್ಸುಲಿನ್ ಅಂಟುತ್ತಿಲ್ಲ. ಅರ್ಜೆಂಟಪ್ಪನ ಮುಖ ಬಿಳಿಚಿತು. ಅವತ್ತೇ ಸೀಸೆ ತೆಗೆದು ಪರೀಕ್ಷಿಸಿದೆವು. ನಿಜ, ಅಂಟಲಿಲ್ಲ. ಆಮ್ಲ ತಗುಲಿ ಪ್ರೋಟೀನಿನ ಆಕಾರವೇ ಕೆಟ್ಟಿತ್ತು. ಜೆಲ್ ಮೇಲೆ ಗೆರೆ ಬೀಳಲು ಆಕಾರ ಬೇಕಿಲ್ಲ, ಸತ್ತದ್ದೂ ಅಷ್ಟೇ ಚೊಕ್ಕವಾಗಿ ಕಾಣುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕೂಸಿಗೂ ಗೊತ್ತು, ನಮಗೆ ಗೊತ್ತಾಗಲಿಲ್ಲ. ಇನ್ಸುಲಿನ್ನೇ ಗುರುತಿಸದ ರಿಸೆಪ್ಟರನ್ನು ಅಕ್ಕನ ರಕ್ತ ಹೇಗೆ ಗುರುತಿಸೀತು?

ಹಳೆಯ ಕ್ರಮದಲ್ಲಿ, ನಿಧಾನವಾಗಿ, ಹೊಸದಾಗಿ ಮಾಡಿದೆ. ಇನ್ಸುಲಿನ್ ಅಂಟಿತು. ಶೀತಪೆಟ್ಟಿಗೆಯಲ್ಲಿ ಉಳಿದಿದ್ದ ಅಕ್ಕನ ರಕ್ತ ಹಾಕಿದೆ. ಅದೂ ಅಂಟಿತು, ಬಿಡಿಸಲು ಬಾರದಷ್ಟು ಬಿಗಿಯಾಗಿ. ಕೈಗವಸು ಹಾಕಿದ್ದೇನೆಂಬುದನ್ನೂ ಮರೆತು ಅದೇ ಕೈಯಲ್ಲಿ ಕಣ್ಣೊರೆಸಿಕೊಂಡೆ.

ಮೊದಲು ಡಾಕ್ಟರಿಗೆ ತಿಳಿಸಿದೆ. ನಾಳೆಯೇ ದಾಖಲಿಸಿ, ಔಷಧಿ ಶುರು ಮಾಡೋಣ ಎಂದರು. ಆಮೇಲೆ ಮನೆಗೆ ಓಡಿದೆ. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಭಾವ ಕೇಳುತ್ತ ಕೇಳುತ್ತ ಕುರ್ಚಿಯ ತುದಿಗೆ ಬಂದರು.

“ಅಂದ್ರೆ... ಅವಳು ತಿಂದೇ ಇಲ್ವಾ?”

“ಇಲ್ಲ ಭಾವ.”

ಅವರು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡರು. ನೀರಿನ ಸದ್ದಿನ ನಡುವೆಯೂ ಅಳು ಕೇಳಿಸುತ್ತಿತ್ತು.

“ಮತ್ತೆ ತಿಂದೆ ಅಂತ ಯಾಕೆ ಹೇಳ್ದೆ ಅಕ್ಕಾ?” ಎಂದೆ. ಸಿಟ್ಟೂ ಬಂದಿತ್ತು ನನಗೆ.

“ತಿಂದಿಲ್ಲ ತಿಂದಿಲ್ಲ ಅಂತ ಹೇಳಿ ಹೇಳಿ ಸುಸ್ತಾಗಿತ್ತು ಕಣೇ. ತಿಂದೆ ಅಂದೆ ನೋಡು, ಅವತ್ತು ನಿನ್ನ ಭಾವ ಹೊಟ್ಟೆ ತುಂಬ ಊಟ ಮಾಡಿದ್ರು. ನೀನೂ ನಗ್ತಾ ಮಾತಾಡ್ದೆ. ಹೋಗ್ಲಿ, ಯಾರಿಗಾದ್ರೂ ಸಮಾಧಾನ ಆಯ್ತಲ್ಲ ಅಂದ್ಕೊಂಡೆ.” ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಸುಧಾರಿಸಿಕೊಂಡಳು. “ಅಲ್ವೇ, ಆ ಪ್ರೋಟೀನು ಕೆಟ್ಟಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಯಾವುದೋ ಲ್ಯಾಬಿನವರು ತರಿಸ್ಕೊಂಡಿದ್ರು. ಕೆಲಸ ಮಾಡ್ತಿಲ್ಲ ಅಂತ ಹೇಳಿದ್ರು.”

“ಗುರುತಿನೋರಾ?”

“ಅಲ್ಲಪ್ಪ. ಮುಖ ಕೂಡ ನೋಡಿಲ್ಲ.”

“ಹೇಳಿದ ತಕ್ಷಣ ನಂಬಿದ್ರಾ?”

“ನಂಬದೆ? ಅವತ್ತೇ ತೆಗೆದು ನೋಡಿದ್ವಿ.”

ಅಕ್ಕ ಕಣ್ಣು ಬಿಟ್ಟಳು. ಆ ಕಣ್ಣಲ್ಲಿ ಸಿಟ್ಟು ಒಂದಿಷ್ಟೂ ಇರಲಿಲ್ಲ.

“ಎಷ್ಟು ಸಲ ಹೇಳಿದ್ರು ಅವರು?”



“ಒಂದೇ ಸಲ ಅಕ್ಕಾ,” ಎಂದೆ.