ಗರಗಸ ಕೊಡದ ಕೈ

"ಗರಗಸ," ಎಂದು ಸರ್ಜನ್ ಕೈ ಚಾಚಿದ. ಕೈ ಚಾಚಿದ್ದೇ ಬಂತು, ಗರಗಸ ಬರಲಿಲ್ಲ.

ಇಪ್ಪತ್ತಾರು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿ ಉಪಕರಣ ಕೈಗಿಡುತ್ತಿದ್ದ ನರ್ಸಕ್ಕ ಒಮ್ಮೆ ಕಣ್ಣರಳಿಸಿದರೆ ರೋಗಾಣುಗಳೇ ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತಿದ್ದವು. ಅಂಥವಳು ಇಂದು ಗರಗಸ ಹಿಡಿದು ಕಂಬದಂತೆ ನಿಂತಿದ್ದಳು. ಮೇಜಿನ ಮೇಲೆ ಮಲಗಿದ್ದವ ಬಸ್ ಡ್ರೈವರ್. ಹೃದಯದಿಂದ ಹೊರಡುವ ಮಹಾಧಮನಿಯ ಬುಡ ಎಲ್ಲರಿಗೂ ಹೆಬ್ಬೆರಳಿಗಿಂತ ತುಸು ದಪ್ಪ. ಇವನದು ಊದಿ ಊದಿ ಮಗುವಿನ ತಲೆಯಷ್ಟಾಗಿತ್ತು. ಲೋಕದಲ್ಲಿ ಇಂಥದ್ದು ಇನ್ನೊಂದಿದ್ದರೆ ಅವಳು ಮೂಗು ಕೊಯ್ದುಕೊಳ್ಳಲು ತಯಾರಿದ್ದಳು.

"ಏನಕ್ಕಾ, ನಿದ್ದೆ ಬಂತಾ?"

"ನಿದ್ದೆ ಅವನಿಗೆ. ಮೊದ್ಲು ತೊಡೆ ಸಂದಿನ ರಕ್ತನಾಳಕ್ಕೆ ಪೈಪ್ ಹಾಕಿ, ಮೆಷಿನ್ ಶುರು ಮಾಡಿ ಸಾರ್. ಆಮೇಲೆ ಎದೆ ಮೂಳೆ ಕೊಯ್ಯಿರಿ."

"ಅದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತೆ. ನಾನು ಮೂರು ನಿಮಿಷದಲ್ಲಿ ಎದೆ ತೆಗೀತೀನಿ, ಗೊತ್ತಲ್ಲ."

"ಗೊತ್ತು. ಇವತ್ತು ಪ್ರಾಣಾನೂ ಅಷ್ಟರಲ್ಲೇ ತೆಗೀತೀರಿ."

ಅರಿವಳಿಕೆ ಡಾಕ್ಟರು ಮಾನಿಟರಿನೊಳಗೆ ಇಳಿದು ಬಚ್ಚಿಟ್ಟುಕೊಳ್ಳುವವರಂತೆ ಬಗ್ಗಿದರು.

"ಸ್ಕ್ಯಾನ್ ನಾನು ನೋಡಿದೀನಿ. ಮೂಳೆಗೂ ಊತಕ್ಕೂ ನಡುವೆ ಜಾಗ ಇದೆ," ಎಂದ ಸರ್ಜನ್.

"ಎಲ್ಲಿದೆ, ತೋರಿಸಿ. ನಂಗೂ ವಯಸ್ಸಾಯ್ತು, ಕಣ್ಣು ಮಂಜು."

"ಕೊಡದಿದ್ರೆ ನಾಳೆಯಿಂದ ನಿಮಗೆ ಈ ಥಿಯೇಟರ್ ಇಲ್ಲ."

"ಆಗ್ಲಿ. ನಾಳೆ ತಾನೆ?"

ಸರ್ಜನ್ ಗೋಡೆಯ ಮೇಲೆ ಸ್ಕ್ಯಾನ್ ತೋರಿಸುತ್ತಿದ್ದ ಪರದೆಯತ್ತ ತಿರುಗಿದ. ನೋಡಿದ. ಇನ್ನಷ್ಟು ಹತ್ತಿರ ಹೋಗಿ ನೋಡಿದ. ಮೂಳೆಗೂ ಊತಕ್ಕೂ ನಡುವೆ ಕೂದಲೆಳೆ ತೂರುವಷ್ಟೂ ಜಾಗವಿರಲಿಲ್ಲ. ಬಂದು ತೊಡೆಯ ಬಳಿ ನಿಂತ. ಅವಳು ಚಾಕು ಕೊಟ್ಟಳು.

ಪೈಪುಗಳು ಸೇರಿದವು, ಹೃದಯದ ಬದಲು ರಕ್ತ ಓಡಿಸುವ ಮೆಷಿನ್ ತಿರುಗಿತು, ಡ್ರೈವರನ ಮೈಯನ್ನು ಬೇಕೆಂದೇ ತಣ್ಣಗಾಗಿಸಿತು. ಆಗ ಗರಗಸ ಕೈ ಬದಲಾಯಿಸಿತು. ಮೂಳೆ ಸೀಳಿ ಇನ್ನೂ ಮುಗಿದಿರಲಿಲ್ಲ, ಊತ ಒಡೆದು ರಕ್ತ ದೀಪದವರೆಗೆ ಚಿಮ್ಮಿತು. ಯಾರೂ ಕೂಗಲಿಲ್ಲ. ಉಕ್ಕಿದ್ದನ್ನೆಲ್ಲ ಮೆಷಿನ್ ಹೀರಿ, ಹೀರಿದಂತೆಯೇ ಮೈಗೆ ಮರಳಿಸುತ್ತಿತ್ತು. ಸರ್ಜನ್ ಹರಿದಲ್ಲಿ ಬೆರಳೊತ್ತಿ ಹಿಡಿದ.

ಏಳು ಗಂಟೆ ಹಿಡಿಯಿತು. ನರ್ಸಕ್ಕನ ಕಾಲಿಗೆ ಏಳು ವರ್ಷ. ಧಮನಿಯ ಹಳೇ ಬುಡ ಹೋಗಿ ಬಿಳಿ ಬಟ್ಟೆಯ ಕೊಳವೆ ಬಂತು. ನಿಲ್ಲಿಸಿದ್ದ ಹೃದಯ ಮತ್ತೆ ತಾನಾಗಿ ಬಡಿಯತೊಡಗಿತು.

ಚರ್ಮದ ಕೊನೆಯ ಗಂಟು ಬಿತ್ತು. ದಾರ ಕತ್ತರಿಸುವುದು ಎದುರಿಗಿದ್ದ ಸಹಾಯಕ ಡಾಕ್ಟರನ ಕೆಲಸ. ಅವನು ಕತ್ತರಿ ಎತ್ತಿದ. ಸರ್ಜನ್ ದಾರದ ಎರಡೂ ತುದಿಗಳನ್ನು ನರ್ಸಕ್ಕನ ಕಡೆಗೆ ಎಳೆದು ಹಿಡಿದು, ತಲೆ ತಗ್ಗಿಸಿ ಕಾದು ನಿಂತ.